ಮಗುವಿನ ಕೈಗೆ ಸೂಜಿ ಕೊಡುವ ಮುಂಚೆ

ಪ್ರಶ್ನೆ: ಮಗಳಿಗೆ 7 ವರ್ಷ, ಮಗನಿಗೆ 5. ನಾನು ಬ್ಲೌಸ್ ಹೊಲಿಯಲು ಕೂತರೆ ಇಬ್ಬರೂ ಪಕ್ಕಕ್ಕೆ ಬಂದು ತುಂಡು ಬಟ್ಟೆ, ಸೂಜಿ ಕೇಳುತ್ತಾರೆ. ಗೊಂಬೆ ಮಾಡಬೇಕಂತೆ. ಚುಚ್ಚಿಕೊಂಡಾರು ಅಂತ ನನಗೆ ಭಯ. ‘ಗಂಡು ಹುಡುಗನಿಗೆ ಸೂಜಿ ಯಾಕೆ’ ಅಂತ ನಮ್ಮತ್ತೆ ಬೇರೆ ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?
– ಒಬ್ಬ ತಾಯಿ, ಶಿಡ್ಲಘಟ್ಟ

ಉತ್ತರ: ಇಬ್ಬರಿಗೂ ಕೊಡಿ ತಾಯಿ. ನಾನಿರುವ ಚಿಂತಾಮಣಿಯಲ್ಲಿ ಪ್ಯಾಂಟು, ಶರ್ಟು ಹೊಲಿಯುವವರೆಲ್ಲ ಹೆಚ್ಚುಕಮ್ಮಿ ಗಂಡಸರೇ. ನಿಮ್ಮೂರಲ್ಲೂ ಹಾಗೇ ಅಲ್ವಾ? ಅತ್ತೆಯವರಿಗೆ ಅಷ್ಟು ಹೇಳಿ ಸಾಕು.

ಮಗನಿಗೆ ಉಲ್ಲನ್ ಸೂಜಿ ತನ್ನಿ. ತುದಿ ಮೊಂಡು, ಕಣ್ಣು ದೊಡ್ಡದು. ಅದು ಒತ್ತು ನೇಯ್ಗೆಯ ಬಟ್ಟೆಯಲ್ಲಿ ಇಳಿಯುವುದಿಲ್ಲ. ಹಾಗಾಗಿ ಗೋಣಿಚೀಲದ ತುಂಡನ್ನು ಒಗೆದು ಒಣಗಿಸಿ, ಎಂಬ್ರಾಯ್ಡರಿ ರಿಂಗಿಗೆ ಬಿಗಿದು ಕೊಡಿ. ಚಿಕ್ಕ ಮಕ್ಕಳು ಮೊದಮೊದಲು ಸೂಜಿಯನ್ನು ಕೆಳಗಿಳಿಸಿ, ರಿಂಗಿನ ಅಂಚು ಸುತ್ತಿಸಿ ಮೇಲಕ್ಕೆ ತರುತ್ತಾರೆ. ಬೈಯಬೇಡಿ. ‘ಕೆಳಗೆ ಹೋಯ್ತು, ಕೆಳಗಿಂದಲೇ ಬರಲಿ’ ಅಂತ ಪ್ರತಿ ಸಲ ಜೊತೆಯಲ್ಲೇ ಹೇಳುತ್ತಾ ಹೋಗಿ.

ಮಗಳಿಗೆ ನಿಜವಾದ ಸೂಜಿಯನ್ನೇ ಕೊಡಬಹುದು, ನೀವು ಪಕ್ಕದಲ್ಲಿದ್ದರೆ. ಹಳೇ ಕಾಟನ್ ಸೀರೆಯ ತುಂಡು ಒಳ್ಳೆಯದು. ಸ್ಯಾಟಿನ್ ಬೇಡ, ಜಾರುತ್ತದೆ. ಒಂದು ನಿಯಮ ಮಾತ್ರ ಸಡಿಲ ಬಿಡಬೇಡಿ: ಸೂಜಿ ಕೈಯಲ್ಲಿರಬೇಕು, ಇಲ್ಲ ಅಂದರೆ ಸೂಜಿ ಇಡುವ ಪುಟ್ಟ ದಿಂಬಿಗೆ ಚುಚ್ಚಿರಬೇಕು. ಚಾಪೆಯಿಂದ ಏಳುವ ಮುಂಚೆ ಸೂಜಿ ಎಣಿಸಲಿ.

ದಾರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮಕ್ಕಳು ಹೊಲಿಗೆ ಬಿಟ್ಟು ಏಳುವುದು ಸೂಜಿ ಚುಚ್ಚಿದ್ದಕ್ಕಲ್ಲ, ದಾರ ಗಂಟಾಗಿದ್ದಕ್ಕೆ. ಎರಡೆಳೆ ಮಾಡಿ, ತುದಿಗಳನ್ನು ಸೇರಿಸಿ ಗಂಟು ಹಾಕಿ. ಆಗ ಸೂಜಿಯಿಂದ ದಾರ ಕಳಚುವುದಿಲ್ಲ. ಹಾಗೆ ಮಡಚಿದ ಮೇಲೆ ಮಗುವಿನ ಒಂದು ಮೊಳದಷ್ಟಿದ್ದರೆ ಸಾಕು. ಹೊಲಿಯುತ್ತಾ ಸೂಜಿ ಬೆರಳಲ್ಲಿ ತಿರುಗುತ್ತಲೇ ಇರುತ್ತದೆ, ದಾರಕ್ಕೆ ಹುರಿ ಏರುತ್ತದೆ. ಆಗಾಗ ಬಟ್ಟೆ ಎತ್ತಿ ಹಿಡಿದು ಸೂಜಿಯನ್ನು ಜೋತುಬಿಡಿ. ಅದು ಗಿರಗಿರ ತಿರುಗಿ ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ಇದನ್ನು ನೋಡುವುದಕ್ಕಂತಲೇ ಮಕ್ಕಳು ಇನ್ನೆರಡು ಹೊಲಿಗೆ ಹಾಕುತ್ತಾರೆ!

ಇನ್ನು ಗೊಂಬೆ. ನೀವಿರುವುದು ರೇಷ್ಮೆಯ ಊರಲ್ಲಿ. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಗುರುತಿನವರಿದ್ದರೆ ಚಿಟ್ಟೆ ತೂತು ಮಾಡಿ ಹೊರಬಂದ ಗೂಡು ಕೇಳಿ. ಎಳೆ ತುಂಡಾಗಿರುವುದರಿಂದ ಅದರಿಂದ ಉದ್ದಕ್ಕೆ ಒಂದೇ ಎಳೆಯಾಗಿ ನೂಲು ಬಿಚ್ಚಲು ಬರುವುದಿಲ್ಲ. ನೀವೇ ಕತ್ತರಿಯಿಂದ ತೂತು ಅಗಲ ಮಾಡಿ, ಒಳಗಿರುವುದನ್ನು ಉದುರಿಸಿ. ಮಗುವಿನ ಬೆರಳಿಗೆ ಅದು ಟೋಪಿಯ ಹಾಗೆ ಕೂರುತ್ತದೆ. ಅದೇ ಗೊಂಬೆಯ ತಲೆ. ಒಂದು ಗೇಣುದ್ದದ ಬಟ್ಟೆ ಪಟ್ಟಿಯ ಅಂಚಿಗೆ ಕಚ್ಚಾ ಹೊಲಿಗೆ ಹಾಕಿಸಿ, ದಾರ ಎಳೆಯಲು ಹೇಳಿ. ನೆರಿಗೆ ಬೀಳುತ್ತದೆ. ತನ್ನ ಹೊಲಿಗೆಯಿಂದ ಲಂಗ ಆಯ್ತು ಅಂತ ಗೊತ್ತಾದಾಗ ಮಗುವಿನ ಮುಖ ನೋಡಬೇಕು ನೀವು. ಆ ಲಂಗವನ್ನು ಗೂಡಿನ ಬುಡಕ್ಕೆ ಸುತ್ತಿ ಕಟ್ಟಿ. ಹಳದಿ ಗೂಡು ಅಜ್ಜಿ, ಬಿಳಿ ಗೂಡು ರಾಜ. ಕಣ್ಣು, ಬಾಯಿ ಪೆನ್ನಲ್ಲಿ ಬರೆದರೆ ಸಾಕು. ಮನೆಯಲ್ಲಿ ಕೂಸಿದ್ದರೆ ಗುಂಡಿ, ಮಣಿ ಬೇಡವೇ ಬೇಡ, ನುಂಗಿಬಿಡುತ್ತವೆ.

ಮಗಳು ಆಮೇಲೆ ಕೈಗೊಂಬೆ ಮಾಡಲಿ. ಬಟ್ಟೆ ಮೇಲೆ ಕೈ ಇಟ್ಟು ಗೆರೆ ಎಳೆದರೆ, ಸುತ್ತಲೂ ಎರಡು ಬೆರಳಗಲ ಬಿಟ್ಟು ಕತ್ತರಿಸಿ. ಗೆರೆಗೇ ಕತ್ತರಿಸಿದರೆ ಹೊಲಿದ ಮೇಲೆ ಕೈ ಒಳಗೆ ಹೋಗುವುದಿಲ್ಲ.

ಒಂದು ಮಾತು ಕೈಮುಗಿದು ಕೇಳುತ್ತೇನೆ. ಮಕ್ಕಳು ಮಲಗಿದ ಮೇಲೆ ಅವರ ಸೊಟ್ಟ ಹೊಲಿಗೆ ಬಿಚ್ಚಿ ನೀವು ನೆಟ್ಟಗೆ ಹಾಕಬೇಡಿ. ಬೆಳಿಗ್ಗೆ ಅವರಿಗೆ ಗೊತ್ತಾಗಿಯೇ ಆಗುತ್ತದೆ. ಆ ಗೊಂಬೆ ಆಮೇಲೆ ಅವರದ್ದಾಗಿ ಉಳಿಯುವುದಿಲ್ಲ.

ಪ್ರಶ್ನೆ: ನನ್ನ ಮೊಮ್ಮಗಳು ಎಡಗೈ. ಹೊಲಿಗೆ ಹೇಳಿಕೊಡಲು ಹೋದರೆ ಇಬ್ಬರಿಗೂ ಗೊಂದಲ.
– ಓದುಗರು, ಗುಬ್ಬಿ

ಉತ್ತರ: ಪಕ್ಕದಲ್ಲಿ ಕೂರಬೇಡಿ ಅಮ್ಮ, ಎದುರಿಗೆ ಕೂರಿ. ಕನ್ನಡಿ ನೋಡಿದಂತೆ ನಿಮ್ಮ ಬಲಗೈ ನೋಡಿ ಅವಳು ಎಡಗೈ ಆಡಿಸುತ್ತಾಳೆ. ಕೈ ಬದಲಾಯಿಸಲು ಮಾತ್ರ ಒತ್ತಾಯ ಮಾಡಬೇಡಿ. ಕತ್ತರಿ ಎಡಗೈಯವರದ್ದೇ ಬೇರೆ ಬರುತ್ತದೆ. ಸಿಗುವ ತನಕ ಬಟ್ಟೆ ನೀವೇ ಕತ್ತರಿಸಿಕೊಡಿ.