ಕುಂಡದ ಗಿಡವೋ, ನೆಲದ ಗಿಡವೋ?

ಧಾರವಾಡದ ಹಿರಿಯ ಓದುಗರೊಬ್ಬರ ಪತ್ರದ ಸಾರ: "ಟೊರೊಂಟೊದ ಮಗಳ ಮನೆಗೆ ಹೋಗಿದ್ದೆ. ಅಲ್ಲಿಯ ಪಾರ್ಕಿನಲ್ಲಿ ಇಪ್ಪತ್ತು ಮಂದಿ ಬಿಳಿಯರು ನೀರಲ್ಲಿ ನಡೆದಂತೆ ನಿಧಾನವಾಗಿ ಕೈಕಾಲು ಆಡಿಸುತ್ತಿದ್ದರು. ತಾವೋ ಪಂಥದ ತೈ ಚಿ ಅಂದರು. ಅವರಿಗೆ ಚೀನೀ ಭಾಷೆ ಬರದು, ಆ ದೇವರುಗಳ ಪರಿಚಯವಿಲ್ಲ. ಇದು ಧರ್ಮವೋ, ಬರೀ ಕಸರತ್ತೋ? ಬೇರಿಲ್ಲದ ಗಿಡ ಕುಂಡದಲ್ಲಿ ಎಷ್ಟು ದಿನ ಬಾಳೀತು?"

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸಂಶಯ ನನಗೂ ಬಹುಕಾಲ ಇತ್ತು, ಆದ್ದರಿಂದ ತುಸು ವಿಸ್ತಾರವಾಗಿಯೇ ಬರೆಯುತ್ತೇನೆ.

ತಾವೋ ಎಂದರೆ ದಾರಿ; ಲೋಕದ ಸಹಜ ದಾರಿಗೆ ಒಗ್ಗಿ ಬಾಳಬೇಕೆನ್ನುವ ಚೀನದ ಹಳೆಯ ಪಂಥ. ಅದು ಪಶ್ಚಿಮಕ್ಕೆ ಮೊದಲು ಹೋದದ್ದು ಪುಸ್ತಕವಾಗಿ. 1899ರಲ್ಲಿ ಚೀನದ ಚಿಂಗ್‌ದಾವ್‌ಗೆ ಮಿಷನರಿಯಾಗಿ ಹೋದ ಜರ್ಮನಿಯ ರಿಚರ್ಡ್ ವಿಲ್‌ಹೆಲ್ಮ್, 1911ರಲ್ಲಿ ಆ ಪಂಥದ ಮೂಲಗುರು ಲಾವೋತ್ಸೆಯ ಗ್ರಂಥವನ್ನು ಜರ್ಮನ್‌ಗೆ ತಂದರು. 1929ರಲ್ಲಿ ಅವರ ಇನ್ನೊಂದು ತಾವೋ ಗ್ರಂಥದ ಅನುವಾದ ಮನಶ್ಶಾಸ್ತ್ರಜ್ಞ ಯೂಂಗರ ವ್ಯಾಖ್ಯಾನದೊಂದಿಗೆ ಹೊರಬಂತು. ಓದುಗರೇನೋ ದೊರೆತರು. ಆದರೆ ಕೂತಲ್ಲೇ ಓದಿದವರಿಗೆ ಗುರುವೂ ಇರಲಿಲ್ಲ, ಜೊತೆಗಾರರೂ ಇರಲಿಲ್ಲ. ನಿಮ್ಮ ಕುಂಡದ ಉಪಮೆ ಆ ತಾವೋಗೆ ಒಪ್ಪುತ್ತದೆ.

ನೀವು ಕಂಡದ್ದು ಬೇರೆ ದಾರಿಯಲ್ಲಿ ಬಂದದ್ದಿರಬೇಕು. ಟೊರೊಂಟೊದಲ್ಲಿ ತಾವೋ ಹೆಸರಿನ ತೈ ಚಿ ಎಂದರೆ ಹೆಚ್ಚಾಗಿ ಮೋಯ್ ಲಿನ್ ಶಿನ್ ಅವರ ಪರಂಪರೆ. 1931ರಲ್ಲಿ ಗುವಾಂಗ್‌ದೊಂಗ್ ಪ್ರಾಂತದ ತೈಶಾನ್‌ನಲ್ಲಿ ಹುಟ್ಟಿದವರು. ಹುಡುಗ ಸದಾ ರೋಗಿಷ್ಟನಾಗಿದ್ದರಿಂದ ಮನೆಯವರು ಮಠಕ್ಕೆ ಬಿಟ್ಟರೆಂದು ಶಿಷ್ಯರು ಹೇಳುತ್ತಾರೆ. ಚೀನದಲ್ಲಿ ಕಮ್ಯುನಿಸ್ಟರ ಆಳ್ವಿಕೆ ಬರುವ ಹೊತ್ತಿಗೆ ಅವರು ಹಾಂಗ್‌ಕಾಂಗ್ ಸೇರಿದರು. ಅಲ್ಲಿನ ಯೂನ್ ಯೂನ್ ಸಂಸ್ಥೆಯಲ್ಲಿ ಕನ್‌ಫ್ಯೂಷಿಯಸ್, ಬುದ್ಧ, ಲಾವೋತ್ಸೆ ಮೂವರಿಗೂ ಒಂದೇ ಅಂಗಳ. ಆ ಅಂಗಳದಲ್ಲೇ 1968ರಲ್ಲಿ ಫುಂಗ್ ಲೋಯ್ ಕೋಕ್ ಎಂಬ ಗುಡಿ ಕಟ್ಟುವುದರಲ್ಲಿ ಮೋಯ್ ಕೂಡ ಕೈಜೋಡಿಸಿದರು.

1970ರಲ್ಲಿ ಅವರು ಕೆನಡಾಕ್ಕೆ ಹೋದರು. ಆ ಕಾಲವನ್ನೂ ನೋಡಬೇಕು. 1923ರಿಂದ 1947ರವರೆಗೆ ಚೀನೀಯರಿಗೆ ಕೆನಡಾದ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. 1967ರಲ್ಲಿ, ಯಾವ ದೇಶದಲ್ಲಿ ಹುಟ್ಟಿದವರೆಂದು ನೋಡದೆ, ಅರ್ಹತೆಗೆ ಅಂಕ ಕೊಟ್ಟು ವಲಸಿಗರನ್ನು ಕರೆದುಕೊಳ್ಳುವ ಕ್ರಮ ಬಂತು. ಮೋಯ್ ಬಂದದ್ದು ಅದಾದ ಮೂರು ವರ್ಷಕ್ಕೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ಹಾಗಾಗಿ ಅವರು ಉಪನ್ಯಾಸ ಕೊಡಲು ಹೋಗಲಿಲ್ಲ, ನಿಂತು ತೋರಿಸಿದರು. ತೈ ಚಿಯ ಪ್ರಕಾರಗಳಲ್ಲೊಂದಾದ ಯಾಂಗ್ ಶೈಲಿಯನ್ನು ಆರೋಗ್ಯಕ್ಕೆ ಒದಗುವಂತೆ ಮಾರ್ಪಡಿಸಿ 108 ಚಲನೆಗಳ ಕ್ರಮವೊಂದನ್ನು ಕಲಿಸಿದರು. ನಮ್ಮ ಜಪಮಾಲೆಯ ಮಣಿಗಳೂ ಅಷ್ಟೇ. ಮಂಡಿನೋವಿನವರು, ಬೆನ್ನುನೋವಿನವರು, ನಿವೃತ್ತರು ಬಂದರು. ನಂಬಿಕೆಯ ಮಾತನ್ನು ಯಾರಿಗೂ ಮೊದಲ ದಿನ ಕೇಳಲಿಲ್ಲ.

ಬೇರು ಇಳಿದದ್ದು ಎಲ್ಲಿ ಎಂದರೆ, ನನ್ನ ಮಟ್ಟಿಗೆ, ದುಡಿಮೆಯಲ್ಲಿ. ಮೋಯ್ ಕೆನಡಾದಲ್ಲಿ ಕಟ್ಟಿದ ಸಂಸ್ಥೆಯಲ್ಲಿ ಪಾಠ ಹೇಳುವವರಿಗೆ ಸಂಬಳವಿಲ್ಲ. ಕಲಿತವರೇ ಮುಂದಿನವರಿಗೆ ಕಲಿಸಬೇಕು, ಕಸ ಗುಡಿಸಬೇಕು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚಬೇಕು. ಕಾಯಕ ಎಂಬ ಪದ ಹುಟ್ಟಿದ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈ ಸಡಿಲಿಸಲು ಬಂದವರು ಹತ್ತು ವರ್ಷ ಹೀಗೆ ದುಡಿದ ಮೇಲೆ ಒಳಗೆ ಸಡಿಲಾದದ್ದು ಬರೀ ಮೈಯೇ ಆಗಿರುವುದಿಲ್ಲ. 1981ರಲ್ಲಿ ಟೊರೊಂಟೊದಲ್ಲೇ ಫುಂಗ್ ಲೋಯ್ ಕೋಕ್ ಹೆಸರಿನ ಗುಡಿ ಎದ್ದಿತು. ಸ್ವರ್ಗದ ಒಡೆಯ ಜೇಡ್ ಚಕ್ರವರ್ತಿ, ಕರುಣೆಯ ತಾಯಿ ಗುವಾನ್‌ಯಿನ್, ಅಮರಸಿದ್ಧ ಲೂ ದೊಂಗ್‌ಬಿನ್ ಅಲ್ಲಿನ ದೇವತೆಗಳು. ಬಿಳಿಯ ಶಿಷ್ಯರು ಕ್ಯಾಂಟೊನೀಸ್ ಮಂತ್ರಗಳನ್ನು ರೋಮನ್ ಅಕ್ಷರದಲ್ಲಿ ಬರೆದುಕೊಂಡು ಪಠಿಸುತ್ತಾರೆ. ಭಾಷೆ ಬರದವರ ಮಂತ್ರ ಎಂದು ನೀವು ಮೂಗು ಮುರಿಯಬಹುದು. ನಮ್ಮ ಮನೆಗಳಲ್ಲಿ ವಿಷ್ಣುಸಹಸ್ರನಾಮ ಹೇಳುವವರಲ್ಲಿ ಸಂಸ್ಕೃತ ಬಲ್ಲವರು ಎಷ್ಟು ಮಂದಿ? ಆ ಕಾರಣಕ್ಕೆ ಅವರ ಭಕ್ತಿಯನ್ನು ನಾನು ಕಡಿಮೆ ಎನ್ನಲಾರೆ.

ಕಳೆದುಹೋದದ್ದೂ ಇದೆ. ತೈ ಚಿಯೊಳಗಿದ್ದ ಯುದ್ಧಕಲೆ ಇಲ್ಲಿ ಹಿಂದೆ ಸರಿಯಿತು, ಆ ಕಲೆಯ ಗುರುಗಳು ಇದನ್ನು ಆಕ್ಷೇಪಿಸಿದ್ದಾರೆ. ಊರಹಬ್ಬ, ಪಿತೃಗಳು, ಮನೆತನದ ನೆನಪುಗಳೊಂದಿಗೆ ಹೆಣೆದುಕೊಂಡ ಚೀನದ ತಾವೋ ಪೂರ್ತಿಯಾಗಿ ಹಡಗು ಹತ್ತಲಿಲ್ಲ. ವಾರಕ್ಕೊಮ್ಮೆ ಬಂದು ಹೋಗುವ ಅನೇಕರಿಗೆ ಇದು ವ್ಯಾಯಾಮವೇ. ನೀವು ಪಾರ್ಕಿನಲ್ಲಿ ಕಂಡವರಲ್ಲೂ ಅಂಥವರು ಇದ್ದಿರಬೇಕು.

ಆದರೆ ಗುವಾನ್‌ಯಿನ್ ಎಂಬ ತಾಯಿಯನ್ನು ಒಮ್ಮೆ ನೆನೆಯಿರಿ. ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವಿದೆಯಲ್ಲ, ಆ ಲೋಕೇಶ್ವರನ ಇನ್ನೊಂದು ಹೆಸರು ಅವಲೋಕಿತೇಶ್ವರ, ಬೌದ್ಧರ ಕರುಣಾಮೂರ್ತಿ. ಅವನೇ ಭಾರತದಿಂದ ಚೀನಕ್ಕೆ ಹೋಗಿ, ಶತಮಾನಗಳು ಕಳೆದಂತೆ ಹೆಣ್ಣುರೂಪ ತಾಳಿ ಗುವಾನ್‌ಯಿನ್ ಆದದ್ದು, ತಾವೋ ಗುಡಿಗಳಲ್ಲೂ ಪೂಜೆಗೊಂಡದ್ದು. ಈಗ ಕೆನಡಾದ ಹಿಮದಲ್ಲಿ ಅವಳಿಗೆ ಧೂಪ ಹಚ್ಚುತ್ತಿದ್ದಾರೆ. ಹಾಗೆ ನೋಡಿದರೆ ಚೀನದಲ್ಲೂ ಅವಳು ಹೊರಗಿನಿಂದ ಬಂದವಳೇ.

ಮೋಯ್ 1998ರಲ್ಲಿ ತೀರಿಕೊಂಡರು. ಗುರು ಹೋದ ಮೇಲೂ ತರಗತಿಗಳು ನಿಲ್ಲಲಿಲ್ಲ. ಮುಂದಿನ ಸಲ ಮಗಳ ಮನೆಗೆ ಹೋದಾಗ ಪಾರ್ಕಿನ ಬೇಲಿಯಾಚೆ ನಿಲ್ಲಬೇಡಿ, ಒಂದು ತರಗತಿಗೆ ಒಳಗೇ ಹೋಗಿ. ಮುಗಿದ ಮೇಲೆ ಚಹಾದ ಬಟ್ಟಲು ತೊಳೆಯುತ್ತಿರುವವರು ಯಾರೆಂದು ವಿಚಾರಿಸಿ, ಆವತ್ತು ಪಾಠ ಹೇಳಿದವರೇ ಇದ್ದಾರು. ಎಷ್ಟು ವರ್ಷದಿಂದ ಬರುತ್ತಿದ್ದೀರಿ ಎಂದು ಅವರನ್ನು ಕೇಳಿ, ಅವರು ಹೇಳಿದ್ದನ್ನು ನನಗೆ ಬರೆದು ತಿಳಿಸಿ.

— ಸಂಪಾದಕ