ರಾಜ್ಯವೂ ಹೋಗಿ ದೇಶವೂ ಹೋದ ಯುವರಾಜನ ಬದುಕು ಹೇಗಿರುತ್ತದೆ?

ಇರಾನಿನ ಕೊನೆಯ ದೊರೆಯ ಮಗ ರೆಜಾ ಪಹ್ಲವಿಯವರ ಸುದ್ದಿ ಓದಿ, "ದುಡ್ಡಿರುವ ಯುವರಾಜನಿಗೆ ದೇಶ ಬಿಟ್ಟಿದ್ದರೆ ಏನು ಕಷ್ಟ?" ಎಂದು ಕೇಳಿದ್ದೀರಿ. ಕಷ್ಟ ಇದೆ. ನಾನು ವಿಜಯನಗರದ ಅರಸು ಮನೆತನ ಇರುವ ಆನೆಗೊಂದಿ ಕಡೆಯವನು, ಅದಕ್ಕೇ ಉತ್ತರಿಸುತ್ತಿದ್ದೇನೆ.

1978ರಲ್ಲಿ ಯುದ್ಧವಿಮಾನದ ತರಬೇತಿಗೆಂದು ಅಮೆರಿಕದ ಟೆಕ್ಸಾಸ್‌ಗೆ ಹೋದಾಗ ರೆಜಾ ಅವರಿಗೆ 17 ವರ್ಷ. ಕಲಿತು ವಾಪಸ್ ಬರಬೇಕಿದ್ದ ಹುಡುಗ. ಮರುವರ್ಷವೇ ಇರಾನಿನಲ್ಲಿ ಕ್ರಾಂತಿಯಾಗಿ ಅರಸೊತ್ತಿಗೆ ಹೋಯಿತು. ತಂದೆ ಮೊಹಮ್ಮದ್ ರೆಜಾ ಶಾ ಮೈಯಲ್ಲಿ ಕ್ಯಾನ್ಸರ್ ಇಟ್ಟುಕೊಂಡೇ ಈಜಿಪ್ಟ್, ಮೊರಾಕೊ, ಬಹಾಮಾಸ್, ಮೆಕ್ಸಿಕೊ, ಅಮೆರಿಕ, ಪನಾಮಾ ಎಂದು ಅಲೆದು, ಕೊನೆಗೆ 1980ರ ಜುಲೈನಲ್ಲಿ ಕೈರೋದಲ್ಲಿ ತೀರಿಕೊಂಡರು. ಅದೇ ಅಕ್ಟೋಬರ್ 31ರಂದು, 20 ತುಂಬಿದ ದಿನ, ಮಗ ಕೈರೋದಲ್ಲೇ ತಾನು ಶಾ, ಅಂದರೆ ದೊರೆ, ಎಂದು ಘೋಷಿಸಿಕೊಂಡರು. ಆಳಲು ಗೇಣು ನೆಲವೂ ಇರಲಿಲ್ಲ.

ಆ ಮನೆಯ ಸಾವುಗಳನ್ನು ನೋಡಿ. 1941ರಲ್ಲಿ ಬ್ರಿಟಿಷ್ ಮತ್ತು ಸೋವಿಯತ್ ಸೇನೆ ನುಗ್ಗಿದಾಗ ಪಟ್ಟ ಬಿಟ್ಟ ತಾತ ರೆಜಾ ಶಾ ಸತ್ತದ್ದು ಜೋಹಾನ್ಸ್‌ಬರ್ಗ್‌ನಲ್ಲಿ. ತಂಗಿ ಲೈಲಾ 2001ರಲ್ಲಿ ಲಂಡನ್ನಿನ ಹೋಟೆಲ್ ಕೋಣೆಯಲ್ಲಿ. ತಮ್ಮ ಅಲಿ ರೆಜಾ 2011ರಲ್ಲಿ ಬಾಸ್ಟನ್‌ನಲ್ಲಿ. ಒಬ್ಬರಿಗೂ ಹುಟ್ಟಿದ ನೆಲದಲ್ಲಿ ಸಾವು ಬರಲಿಲ್ಲ.

ಶಾ ಆಳ್ವಿಕೆಯಲ್ಲಿ ಸಾವಾಕ್ ಎಂಬ ಗುಪ್ತ ಪೊಲೀಸರ ಕೈಗೆ ಸಿಕ್ಕು ಚಿತ್ರಹಿಂಸೆ ಉಂಡವರನ್ನು ನಾನು ಮರೆತು ಮಾತಾಡುತ್ತಿಲ್ಲ. ಅವರ ನೋವು ದೊಡ್ಡದು. ಆದರೆ 17ರ ಹುಡುಗ ಅದಕ್ಕೆ ಹೊಣೆಯಲ್ಲ.

ನಮ್ಮಲ್ಲೂ ರಾಜ್ಯ ಹೋಗಿದೆ. 1565ರಲ್ಲಿ ವಿಜಯನಗರ ಬಿತ್ತು. ಆದರೆ ಅದರ ಕೊನೆಯ ರಾಜವಂಶವಾದ ಅರವೀಡು ಮನೆತನದವರು ಇವತ್ತಿಗೂ ಆನೆಗೊಂದಿಯಲ್ಲಿದ್ದಾರೆ. ಆ ಮನೆಯ ಶ್ರೀರಂಗದೇವರಾಯಲು ಗಂಗಾವತಿಯ ಶಾಸಕರಾಗಿದ್ದರು, ಸಚಿವರೂ ಆಗಿದ್ದರು. ನಮ್ಮಪ್ಪ ಭತ್ತದ ಗದ್ದೆಯಿಂದ ಹಾಗೇ ಹೋಗಿ ಓಟು ಹಾಕಿ ಬರುತ್ತಿದ್ದ. ಕಾಲಿನ ಕೆಸರು ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಬೆರಳಿನ ಶಾಯಿ ತೋರಿಸಿ, "ಅರಸರಿಗೂ ನಮ್ಮ ಓಟು ಬೇಕಾತು ನೋಡಪಾ" ಅಂತಿದ್ದ, ಬಹಳ ಅಭಿಮಾನದಿಂದ. ಗದ್ದುಗೆ ಹೋದ ಮೇಲೂ ಆ ಮನೆಯವರನ್ನು ಊರಿನವರು ಎನ್ನಲು ಊರು ಉಳಿದಿತ್ತು, ಹೊಳೆ ಉಳಿದಿತ್ತು.

ರೆಜಾ ಅವರಿಗೆ ಅದೂ ಇಲ್ಲ. ಮೂವರು ಹೆಣ್ಣುಮಕ್ಕಳು ಬೆಳೆದದ್ದು ಅಮೆರಿಕದಲ್ಲಿ. ತಮ್ಮ ಅಪ್ಪನ ಗೋರಿಗೆ ಹೂವಿಡಬೇಕೆಂದರೂ ರೆಜಾ ಹೋಗಬೇಕಾದದ್ದು ಕೈರೋದ ಅಲ್ ರಿಫಾಯಿ ಮಸೀದಿಗೆ.