ಓದುವುದಕ್ಕೆ ಸಣ್ಣ ಟ್ಯಾಬ್ಲೆಟ್ ಸಾಕೇ, ಇ-ರೀಡರ್ ಬೇಕೇ?

ಶಿರಸಿಯಲ್ಲಿರುವ ನಿಮ್ಮ ನಿವೃತ್ತ ತಂದೆಯವರಿಗೆ 8 ಇಂಚಿನ ಟ್ಯಾಬ್ಲೆಟ್ ಕೊಡಿಸಬೇಕೇ ಅಥವಾ ಹೆಚ್ಚುಕಡಿಮೆ ಅದೇ ಬೆಲೆಯ 6 ಇಂಚಿನ ಇ-ರೀಡರ್ (ಇ-ಪುಸ್ತಕ ಓದುವುದಕ್ಕೆಂದೇ ಇರುವ ಸಾಧನ) ಕೊಡಿಸಬೇಕೇ ಎಂದು ಕೇಳಿದ್ದೀರಿ. ಅವರು ಓದುವುದು ಬಹುಪಾಲು ಕನ್ನಡವೇ ಆಗಿದ್ದರೆ ಟ್ಯಾಬ್ಲೆಟ್ಟನ್ನೇ ಕೊಡಿಸಿ ಎಂಬುದು ನನ್ನ ಸಲಹೆ.

ಕಣ್ಣಿನ ಹಿತದ ಮಟ್ಟಿಗೆ ಇ-ರೀಡರ್ ಮೇಲು. ಅದರಲ್ಲಿ ಎರಡು ಮಾತಿಲ್ಲ. ಅದರ ಪರದೆಯೊಳಗಿನ ಕಪ್ಪು-ಬಿಳಿ ಕಣಗಳು ವಿದ್ಯುತ್ತಿನಿಂದ ಸ್ಥಾನ ಬದಲಿಸಿ ಅಕ್ಷರಗಳನ್ನು ಮೂಡಿಸುತ್ತವೆ, ಮತ್ತು ಕಾಗದದಂತೆ ಹೊರಗಿನ ಬೆಳಕನ್ನೇ ಪ್ರತಿಫಲಿಸುವುದರಿಂದ ಕಾರವಾರದ ಕಡಲತೀರದ ಬಿಸಿಲಿನಲ್ಲೂ ಸ್ಪಷ್ಟವಾಗಿ ಕಾಣುತ್ತವೆ. ಮುಖ್ಯವಾಗಿ ಪುಟ ತಿರುಗಿಸುವಾಗಷ್ಟೇ ವಿದ್ಯುತ್ ಬೇಕಾಗುವುದರಿಂದ ಚಾರ್ಜು ವಾರಗಟ್ಟಲೆ ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಆದರೆ ಹಳೆಯ ಕನ್ನಡ ಪುಸ್ತಕಗಳು ಅಂತರ್ಜಾಲದಲ್ಲಿ ಸಿಗುವುದು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ರೂಪದಲ್ಲಿ. ಅವು ಪುಟದ ಚಿತ್ರಗಳಾದ್ದರಿಂದ, ಅಕ್ಷರಗಳನ್ನಷ್ಟೇ ದೊಡ್ಡದು ಮಾಡಿ ಸಾಲುಗಳನ್ನು ಮರುಜೋಡಿಸಲು ಸಾಮಾನ್ಯವಾಗಿ ಬರುವುದಿಲ್ಲ. 6 ಇಂಚಿನಲ್ಲಿ ಒತ್ತಕ್ಷರಗಳು ತೀರಾ ಸಣ್ಣದಾಗಿ, ಪ್ರತಿ ಪುಟವನ್ನೂ ಹಿಗ್ಗಿಸಿ ಸರಿಸುತ್ತಾ ಕೂರಬೇಕಾಗುತ್ತದೆ, ಮತ್ತು ನಿಧಾನಗತಿಯ ಆ ಪರದೆಯಲ್ಲಿ ಈ ಕೆಲಸ ಹಿರಿಯರ ತಾಳ್ಮೆಯನ್ನೇ ಕೆಡಿಸುತ್ತದೆ. ಕನ್ನಡ ಇ-ಪುಸ್ತಕಗಳ ಆ್ಯಪ್‌ಗಳೂ ದಿನಪತ್ರಿಕೆಗಳ ಇ-ಆವೃತ್ತಿಗಳೂ ಟ್ಯಾಬ್ಲೆಟ್ಟಿನಲ್ಲಿ ಸರಾಗ.

ಟ್ಯಾಬ್ಲೆಟ್ ಕೊಳ್ಳುವಾಗ ಪರದೆಯ ರೆಸಲ್ಯೂಶನ್, ಅಂದರೆ ಉದ್ದಕ್ಕೂ ಅಗಲಕ್ಕೂ ಎಷ್ಟೆಷ್ಟು ಚುಕ್ಕೆಗಳಿವೆ ಎಂಬುದನ್ನು, ತಪ್ಪದೆ ನೋಡಿ. ಚುಕ್ಕೆಗಳು ಒತ್ತಾಗಿದ್ದಷ್ಟೂ ಅಕ್ಷರಗಳು ಸ್ಪಷ್ಟ. 8 ಇಂಚಿನ ಪರದೆಗೆ 1280×800 ಇದ್ದರೆ ಇಂಚಿಗೆ ಸುಮಾರು 189 ಚುಕ್ಕೆಗಳು ಸಿಗುತ್ತವೆ, 1920×1200 ಇದ್ದರೆ ಸುಮಾರು 283. ಈಗಿನ ಅನೇಕ ಇ-ರೀಡರ್‌ಗಳಲ್ಲಿ ಇದು 300.